ಸಾಧು ಬೆಕ್ಕು ಏಕಾಏಕಿ ಮೇಲೆರಗಿದರೆ: ಗಾಯ ಮೊದಲು, ಕಾರಣ ಆಮೇಲೆ

ನಮ್ಮ ಗಡಿ ಸೀಮೆಯಲ್ಲಿ ಬೆಕ್ಕಿಲ್ಲದ ರೈತರ ಮನೆ ಅಪರೂಪ. ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರ, ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಕಡಲೆಕಾಯಿ ಮೂಟೆ, ರಾಗಿಯ ಚೀಲ, ರೇಷ್ಮೆಹುಳುವಿನ ತಟ್ಟೆ ಎಲ್ಲಿವೆಯೋ ಅಲ್ಲಿ ಇಲಿಗಳಿವೆ. ಇಲಿಗಳಿರುವಲ್ಲಿ ಬೆಕ್ಕಿಗೆ ಮನೆಯ ಸದಸ್ಯನ ಸ್ಥಾನವಿದೆ. ಅದಕ್ಕೆ ಯಾರೂ ಹಗ್ಗ ಕಟ್ಟುವುದಿಲ್ಲ, ಲಸಿಕೆ ಹಾಕಿಸುವುದಿಲ್ಲ, ಅದರ ಬಗ್ಗೆ ಹೆಚ್ಚು ಯೋಚಿಸುವುದೂ ಇಲ್ಲ. ಮಕ್ಕಳ ಮಗ್ಗುಲಲ್ಲಿ ಮಲಗುತ್ತದೆ, ಒಲೆಯ ಬಳಿ ಬೆಚ್ಚಗೆ ಕೂರುತ್ತದೆ, ಹಾಲು ಹಾಕಿದರೆ ಕುಡಿಯುತ್ತದೆ.

ಇಂತಹ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಮಂಚದ ಕೆಳಗೆ ಹೊಕ್ಕು ಹೊರಬರುವುದಿಲ್ಲ. ಕರೆದರೆ ಬುಸುಗುಟ್ಟುತ್ತದೆ. ಎತ್ತಿಕೊಳ್ಳಲು ಹೋದ ಕೈಯನ್ನು ಪರಚುತ್ತದೆ, ಕಚ್ಚುತ್ತದೆ. ಆಗ ಮನೆಯವರು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಪೊರಕೆಯಿಂದ ಬಾರಿಸುತ್ತಾರೆ. ಕೆಲವರು ಗಾಳಿ ಸೋಕಿದೆಯೆಂದು ತಾಯಿತ ತರಲು ಹೋಗುತ್ತಾರೆ. ಉಳಿದವರು ಗೋಣಿಚೀಲದಲ್ಲಿ ತುಂಬಿ ಪಕ್ಕದ ಊರಿನ ಕೆರೆಯ ಏರಿಯ ಮೇಲೆ ಬಿಟ್ಟು ಬರುತ್ತಾರೆ. ಈ ಮೂರೂ ದಾರಿಗಳು ಬೆಕ್ಕಿಗೂ ಹಿತವಲ್ಲ, ಮನೆಗೂ ಹಿತವಲ್ಲ. ಅದರಲ್ಲಿಯೂ ಮೂರನೆಯದು ಮನುಷ್ಯರ ಪ್ರಾಣಕ್ಕೇ ಎರವಾಗಬಹುದು. ಅದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬೆಕ್ಕಿನ ಹಠಾತ್ ಸಿಟ್ಟಿಗೆ ಹತ್ತು ಕಾರಣಗಳಿರಬಹುದು; ಅವುಗಳಲ್ಲಿ ಬಹುಪಾಲು ಸರಳವಾದವು, ಸರಿಪಡಿಸಬಹುದಾದವು. ಆದರೆ ಒಂದು ಕಾರಣ ಮಾತ್ರ ಮಾರಕ. ಅದು ಯಾವುದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲು ಸಾಧ್ಯವಿಲ್ಲ. ಆದುದರಿಂದ ಚರ್ಮಕ್ಕೆ ಗಾಯವಾಗಿದ್ದರೆ ಗಾಯದ ಉಪಚಾರ ಮೊದಲು, ಕಾರಣದ ವಿಚಾರಣೆ ಆಮೇಲೆ.

ಭಯವೇ ಸಿಟ್ಟಿನ ಮುಖವಾಡ ಧರಿಸುತ್ತದೆ

ಬೆಕ್ಕು ಬೇಟೆಗಾರ ಪ್ರಾಣಿ ಎಂಬುದು ಎಲ್ಲರಿಗೂ ಗೊತ್ತು. ಅದು ಬೇಟೆಗೆ ಗುರಿಯಾಗುವ ಪ್ರಾಣಿಯೂ ಹೌದೆಂಬುದನ್ನು ನಾವು ಮರೆಯುತ್ತೇವೆ. ನಾಯಿ, ನರಿ, ದೊಡ್ಡ ಹದ್ದುಗಳ ನಡುವೆ ಬದುಕಿ ಬಂದ ಈ ಸಣ್ಣ ದೇಹಕ್ಕೆ ಪ್ರಕೃತಿ ಮೂರು ಉಪಾಯಗಳನ್ನು ಕೊಟ್ಟಿದೆ. ಮೊದಲನೆಯದು ಓಡುವುದು. ಓಡಲಾಗದಿದ್ದರೆ ಅಡಗುವುದು. ಅಡಗಲೂ ಆಗದೆ ಮೂಲೆಗೆ ಸಿಕ್ಕಿಬಿದ್ದಾಗ ತಿರುಗಿ ಎರಗುವುದು. ಮನೆಯಲ್ಲಿ ನಾವು ಕಾಣುವ ದಾಳಿಗಳಲ್ಲಿ ಹೆಚ್ಚಿನವು ಈ ಮೂರನೆಯ ಬಗೆಯವು. ಅಡಗಿ ಕುಳಿತ ಬೆಕ್ಕನ್ನು ಸಮಾಧಾನಪಡಿಸಲೆಂದು ನಾವು ಕೈ ಚಾಚುತ್ತೇವೆ. ಬೆಕ್ಕಿಗೆ ಅದು ಉಳಿದಿದ್ದ ಒಂದೇ ದಾರಿಯೂ ಮುಚ್ಚಿದಂತೆ ಕಾಣುತ್ತದೆ.

ಎರಗುವ ಮುನ್ನ ಬೆಕ್ಕು ಎಚ್ಚರಿಕೆ ಕೊಡದೆ ಇರುವುದಿಲ್ಲ. ಕಿವಿಗಳು ತಲೆಗೆ ಅಂಟಿಕೊಂಡಂತೆ ಹಿಂದಕ್ಕೆ ಬಾಗುತ್ತವೆ. ಹಗಲಿನಲ್ಲಿಯೂ ಕಣ್ಣಿನ ಪಾಪೆ ದುಂಡಗೆ ಹಿಗ್ಗುತ್ತದೆ. ಬೆನ್ನಿನ ಮತ್ತು ಬಾಲದ ಕೂದಲು ನಿಮಿರುತ್ತದೆ, ಬಾಲ ಅತ್ತಿತ್ತ ಬಡಿದುಕೊಳ್ಳುತ್ತದೆ. ನಾಯಿ ಬಾಲ ಆಡಿಸಿದರೆ ಸಂತೋಷವೆಂದು ಕಲಿತ ಮಕ್ಕಳು ಬೆಕ್ಕಿನ ಬಾಲವನ್ನೂ ಹಾಗೆಯೇ ಓದುತ್ತಾರೆ; ಅಲ್ಲಿಯೇ ಎಡವುತ್ತಾರೆ. ಈ ಲಕ್ಷಣಗಳು ಕಂಡಾಗ ಬೆಕ್ಕು ಹೇಳುತ್ತಿರುವುದು ಒಂದೇ ಮಾತು: ದೂರವಿರು.

ಸಾಮಾನ್ಯವಾಗಿ ಕಂಡುಬರುವ ಕಾರಣಗಳು

ಮೊದಲನೆಯದು ಸದ್ದು. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಿದರೆ, ಬೆಕ್ಕಿನ ಕಿವಿ 60,000 ಹರ್ಟ್ಸ್‌ನ ಆಚೆಗಿನದನ್ನೂ ಕೇಳಬಲ್ಲದು. ಗೋಡೆಯೊಳಗಿನ ಇಲಿಮರಿಯ ಕೀಚಲು ದನಿಯನ್ನು ಹಿಡಿಯಲು ಹೊಂದಿಕೊಂಡ ಆ ಕಿವಿಗೆ ದೀಪಾವಳಿಯ ಪಟಾಕಿ, ಜಾತ್ರೆಯ ತಮಟೆ, ಮದುವೆಯ ಧ್ವನಿವರ್ಧಕ, ಕೊಳವೆಬಾವಿ ಕೊರೆಯುವ ಯಂತ್ರದ ಸದ್ದು ಎಷ್ಟು ಘೋರವಾಗಿರಬಹುದೆಂದು ಊಹಿಸಿಕೊಳ್ಳಬೇಕು. ಸದ್ದು ನಿಂತ ಮೇಲೂ ಬೆಕ್ಕಿನ ಮೈಯ ಕಂಪನ ಗಂಟೆಗಟ್ಟಲೆ, ಕೆಲವೊಮ್ಮೆ ಒಂದೆರಡು ದಿನ ಉಳಿಯುವುದುಂಟು.

ಎರಡನೆಯದು ಪರರ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುವುದು. ಕಿಟಕಿಯಾಚೆ ಬೇರೊಂದು ಗಂಡು ಬೆಕ್ಕು ಸುಳಿದಿರುತ್ತದೆ. ನಮ್ಮ ಬೆಕ್ಕು ಅದರ ಮೇಲೆ ಎರಗಲಾರದೆ ಕುದಿಯುತ್ತಿರುತ್ತದೆ. ಅದೇ ಹೊತ್ತಿಗೆ ಮನೆಯ ಮಗು ಬಂದು ಬೆನ್ನು ಸವರಿದರೆ, ಆ ಕುದಿ ಮಗುವಿನ ಕೈಮೇಲೆ ಬೀಳುತ್ತದೆ. ಕಿಟಕಿಯ ಆಚೆಗಿನದನ್ನು ಕಾಣದ ನಮಗೆ ಇದು ಕಾರಣವಿಲ್ಲದ ದಾಳಿಯೆಂದೇ ತೋರುತ್ತದೆ.

ಮೂರನೆಯದು ವಾಸನೆ. ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಪಶುವೈದ್ಯರ ಬಳಿಗೆ ಹೋಗಿಬಂದ ಬೆಕ್ಕಿನ ಮೈಗೆ ಔಷಧದ ವಾಸನೆ ಅಂಟಿದ್ದರೆ ಜೊತೆಯಲ್ಲಿಯೇ ಬೆಳೆದ ಇನ್ನೊಂದು ಬೆಕ್ಕು ಅದನ್ನು ಪರಕೀಯವೆಂದು ತಿಳಿದು ಕಾದಾಡುವುದುಂಟು. ಮನೆಗೆ ಸುಣ್ಣಬಣ್ಣ ಬಳಿದಾಗ, ಹೊಸ ಬಾಡಿಗೆ ಮನೆಗೆ ಹೋದಾಗ ಬೆಕ್ಕು ಕಂಗಾಲಾಗುವುದಕ್ಕೂ ಇದೇ ಕಾರಣ. ತನ್ನದೆಂದು ಅದು ಗುರುತಿಟ್ಟಿದ್ದ ವಾಸನೆಗಳೆಲ್ಲ ಒಂದೇ ದಿನದಲ್ಲಿ ಅಳಿಸಿಹೋಗಿರುತ್ತವೆ.

ನಾಲ್ಕನೆಯದು ನೋವು. ಇದು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು, ಏಕೆಂದರೆ ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ನಾಯಿಯಂತೆ ಕುಂಯ್‌ಗುಟ್ಟುತ್ತಾ ಬಳಿಗೆ ಬರುವುದಿಲ್ಲ; ಮೂಲೆ ಸೇರುತ್ತದೆ. ರಾತ್ರಿಯ ಜಗಳದಲ್ಲಿ ಇನ್ನೊಂದು ಬೆಕ್ಕಿನ ಕೋರೆಹಲ್ಲು ಆಳಕ್ಕೆ ಇಳಿದಿರುತ್ತದೆ. ಮೇಲಿನ ಚರ್ಮ ಒಂದೆರಡು ದಿನದಲ್ಲಿ ಕೂಡಿಕೊಳ್ಳುತ್ತದೆ. ಒಳಗೆ ಕೀವು ತುಂಬುತ್ತದೆ. ಕೂದಲಿನ ಕೆಳಗೆ ಕಾಣದ ಆ ಬಾವನ್ನು ನಾವು ಅರಿಯದೆ ಮುಟ್ಟಿದಾಗ ಬೆಕ್ಕು ಕಚ್ಚುತ್ತದೆ. ಹಲ್ಲುನೋವು, ಕಿವಿಯ ಸೋಂಕು, ಕೀಲುನೋವುಗಳೂ ಹೀಗೆಯೇ ವರ್ತಿಸುತ್ತವೆ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ಮೂತ್ರ ಬಾರದೆ ಕೂಗುತ್ತಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಒಂದೆರಡು ದಿನಗಳಲ್ಲಿಯೇ ಪ್ರಾಣ ಹೋಗಬಹುದಾದ ಸ್ಥಿತಿ. ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. ಮನುಷ್ಯನಿಗೆ ನಿರಪಾಯವಾದ ಆ ಔಷಧವನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಸಣ್ಣ ಪ್ರಮಾಣವೂ ಅದರ ರಕ್ತವನ್ನು ಕೆಡಿಸಿ ಕೊಲ್ಲಬಲ್ಲದು.

ಐದನೆಯದು ವಿಷ. ಹೊಲಕ್ಕೆ ಸಿಂಪಡಿಸಿದ ಕೀಟನಾಶಕ, ಇಲಿಪಾಷಾಣ ತಿಂದ ಇಲಿ, ನಾಯಿಯ ಉಣ್ಣೆಗೆಂದು ತಂದ ಔಷಧ ಇವು ಬೆಕ್ಕಿನ ಹೊಟ್ಟೆಗೋ ಮೈಗೋ ಸೇರಿದರೆ ಜೊಲ್ಲು ಸುರಿಯುವುದು, ಮೈ ಅದುರುವುದು, ದಿಕ್ಕೆಟ್ಟು ಓಡುವುದು ಕಾಣಿಸುತ್ತದೆ. ಈ ಲಕ್ಷಣಗಳು ಮುಂದೆ ಹೇಳಲಿರುವ ರೋಗದ ಲಕ್ಷಣಗಳನ್ನೇ ಹೋಲುವುದರಿಂದ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ.

ಇನ್ನು ಮುದಿ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯಿಂದ, ರಕ್ತದೊತ್ತಡ ಏರಿ ದೃಷ್ಟಿ ಹಠಾತ್ತನೆ ಮಂಕಾಗುವುದರಿಂದ ಭಯ ಮೂಡುವುದುಂಟು. ಮರಿ ಹಾಕಿದ ತಾಯಿಬೆಕ್ಕು ಮರಿಗಳ ಬಳಿ ಯಾರನ್ನೂ ಸೇರಿಸದಿರುವುದು ರೋಗವಲ್ಲ, ತಾಯ್ತನ.

ತೆನಾಲಿಯ ಬೆಕ್ಕು ಕಲಿಸುವ ಪಾಠ

ಪೆನುಗೊಂಡೆಯ ಕೋಟೆಯ ನೆರಳಿನಲ್ಲಿ ಬದುಕುವ ನಮಗೆ ಕೃಷ್ಣದೇವರಾಯನ ಆಸ್ಥಾನದ ಕಥೆಗಳು ಕನ್ನಡದಲ್ಲಿಯೂ ಗೊತ್ತು, ತೆಲುಗಿನಲ್ಲಿಯೂ ಗೊತ್ತು. ಅವುಗಳಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎರಡೂ ಭಾಷೆಯ ಮಕ್ಕಳ ಬಾಯಲ್ಲಿದೆ. ಇಲಿಗಳ ಕಾಟ ತಡೆಯಲು ಅರಸನು ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಹಂಚಿದನಂತೆ. ಎಲ್ಲರ ಬೆಕ್ಕುಗಳೂ ಹಾಲು ಕುಡಿದು ಕೊಬ್ಬಿದವು. ತೆನಾಲಿಯದು ಮಾತ್ರ ಬಡಕಲಾಯಿತು. ಹಾಲಿನ ಬಟ್ಟಲು ಕಂಡೊಡನೆ ಓಡಿಹೋಯಿತು. ಅವನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು ಅದರ ನಾಲಗೆ ಸುಡುವಂತೆ ಮಾಡಿದ್ದನು.

ನಗುವ ಕಥೆಯಲ್ಲಿ ಬೆಕ್ಕಿನ ಮನಸ್ಸಿನ ಒಂದು ಸತ್ಯವಿದೆ. ಒಂದೇ ಒಂದು ತೀವ್ರ ಅನುಭವ ಸಾಕು, ಬೆಕ್ಕು ಆ ವಸ್ತುವನ್ನು, ಆ ಜಾಗವನ್ನು, ಆ ವ್ಯಕ್ತಿಯನ್ನು ನೋವಿನೊಡನೆ ಗಂಟುಹಾಕಿಬಿಡುತ್ತದೆ. ಪೊರಕೆಯಿಂದ ಹೊಡೆಯಬಾರದೆನ್ನುವುದು ಇದಕ್ಕಾಗಿ. ಪರಚಿದ್ದಕ್ಕೆ ಹೊಡೆತ ಬಿತ್ತೆಂದು ಬೆಕ್ಕು ತಿಳಿಯುವುದಿಲ್ಲ; ಈ ಮನುಷ್ಯ ಬಂದರೆ ನೋವಾಗುತ್ತದೆ ಎಂದಷ್ಟೇ ಕಲಿಯುತ್ತದೆ. ನಿನ್ನೆ ಒಂದು ಸಲ ಪರಚಿದ ಬೆಕ್ಕನ್ನು ನಿತ್ಯ ಪರಚುವ ಬೆಕ್ಕನ್ನಾಗಿ ಮಾಡುವ ವಿಧಾನ ಅದು.

ಆ ಗಳಿಗೆಯಲ್ಲಿ ಏನು ಮಾಡಬೇಕು

ಕೆರಳಿದ ಬೆಕ್ಕನ್ನು ಮುಟ್ಟಬಾರದು, ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು, ಅಟ್ಟಿಸಿಕೊಂಡು ಹೋಗಬಾರದು. ಮಕ್ಕಳನ್ನು ಮೊದಲು ಆ ಕೋಣೆಯಿಂದ ಹೊರಗೆ ಕಳುಹಿಸಬೇಕು. ಬೆಕ್ಕನ್ನು ಕೋಣೆಯಲ್ಲಿಯೇ ಬಿಟ್ಟು, ಕಿಟಕಿಗೆ ಪರದೆ ಎಳೆದು, ದೀಪ ಆರಿಸಿ, ಬಾಗಿಲು ಮುಚ್ಚಬೇಕು. ಒಳಗೊಂದು ಬಟ್ಟಲು ನೀರು, ಅಡಗಲು ರಟ್ಟಿನ ಪೆಟ್ಟಿಗೆ, ಒಂದು ತಟ್ಟೆಯಲ್ಲಿ ಮರಳು ಇಟ್ಟರೆ ಸಾಕು. ನಡುವೆ ಹಾದುಹೋಗಲೇಬೇಕಾದರೆ ಕೈಕಾಲಿಗೆ ಬದಲಾಗಿ ದಿಂಬನ್ನೋ ದಪ್ಪ ರಟ್ಟನ್ನೋ ಅಡ್ಡ ಹಿಡಿಯಬೇಕು. ಕಾದಾಡುವ ಎರಡು ಬೆಕ್ಕುಗಳ ನಡುವೆ ಬರಿಗೈ ಹಾಕುವುದು ಎಂದಿಗೂ ಸಲ್ಲದು.

ಭಯ ಮಾತ್ರವೇ ಕಾರಣವಾಗಿದ್ದರೆ ಬೆಕ್ಕು ತಾನಾಗಿಯೇ ಶಾಂತವಾಗುತ್ತದೆ, ಮೇವು ನೀರು ಮುಟ್ಟುತ್ತದೆ, ನಿಧಾನವಾಗಿ ಹೊರಬರುತ್ತದೆ. ಬರುವವರೆಗೂ ಕಾಯಬೇಕು, ಎಳೆಯಬಾರದು. ಒಂದು ದಿನ ಕಳೆದರೂ ಆಹಾರ ಮುಟ್ಟದಿದ್ದರೆ, ಕುಂಟುತ್ತಿದ್ದರೆ, ಮೈಯಲ್ಲಿ ಬಾವು ಕಂಡರೆ ಪಶುವೈದ್ಯಾಲಯವೇ ದಾರಿ. ಕಾರಣವನ್ನು ಹುಡುಕುವಾಗ ಹಿಂದಿನ ಎರಡು ದಿನಗಳನ್ನು ನೆನಪಿಸಿಕೊಳ್ಳುವುದು ಉಪಯುಕ್ತ: ಮನೆಗೆ ಯಾರು ಬಂದರು, ಏನು ಸದ್ದಾಯಿತು, ಹೊಲದಲ್ಲಿ ಯಾವ ಔಷಧ ಹೊಡೆದರು, ರಾತ್ರಿ ಜಗಳದ ಕೂಗು ಕೇಳಿಸಿತೇ, ಬೀದಿನಾಯಿ ಬೆಕ್ಕನ್ನು ಕಚ್ಚಿತ್ತೇ. ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ.

ಹೆಸರಿನ ಮರೆಯಲ್ಲಿ ಅಡಗಿದ ಅಪಾಯ

ಕನ್ನಡದಲ್ಲಿ ರೇಬೀಸನ್ನು ಹುಚ್ಚುನಾಯಿ ರೋಗವೆನ್ನುತ್ತೇವೆ. ತೆಲುಗು ನೆರೆಹೊರೆಯವರೂ ಪಿಚ್ಚಿಕುಕ್ಕನ ಹೆಸರಿನಿಂದಲೇ ಅದನ್ನು ಗುರುತಿಸುತ್ತಾರೆ. ಎರಡೂ ಭಾಷೆಗಳ ಹೆಸರಿನಲ್ಲಿ ನಾಯಿಯಿದೆ, ಬೆಕ್ಕಿಲ್ಲ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಬಹುಪಾಲು ನಾಯಿಯಿಂದಲೇ ಬರುವುದು ನಿಜ. ಆದರೆ ಆ ಹೆಸರಿನಿಂದಾಗಿ ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡುವ ಮನೆಯವರು ಬೆಕ್ಕು ಕಚ್ಚಿದರೆ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. ವೈರಾಣುವಿಗೆ ಈ ಭೇದವಿಲ್ಲ. ರೇಬೀಸ್ ತಗಲಿದ ನಾಯಿ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯನಿಗೂ ಬರುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. 2022ರ ಮಾರ್ಚ್‌ನಲ್ಲಿ ನಮ್ಮದೇ ರಾಜ್ಯದ ಕೃಷ್ಣಾ ಜಿಲ್ಲೆಯ ಮೊವ್ವ ಮಂಡಲದಲ್ಲಿ ಬೆಕ್ಕು ಕಚ್ಚಿದ ಸುಮಾರು ಎರಡು ತಿಂಗಳ ಬಳಿಕ ಇಬ್ಬರು ಮಹಿಳೆಯರು ರೇಬೀಸ್‌ನಿಂದ ತೀರಿಕೊಂಡ ಸುದ್ದಿ ಪ್ರಕಟವಾಯಿತು. ಕಚ್ಚಿದಾಗ ಅವರು ಧನುರ್ವಾಯು ತಡೆಯುವ ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡಿದ್ದರೆಂದು ವರದಿಗಳು ಹೇಳಿದವು. 2024ರ ಜುಲೈಯಲ್ಲಿ ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬೆಕ್ಕಿನ ಕಡಿತಕ್ಕೊಳಗಾದ ಮಹಿಳೆಯೊಬ್ಬರು ಸಾವಿಗೀಡಾದರು. ಅವರು ಲಸಿಕೆಯ ಎಲ್ಲ ಸುತ್ತುಗಳನ್ನು ಪೂರೈಸಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಈ ಎರಡು ಪ್ರಕರಣಗಳು ಎರಡು ಪಾಠಗಳನ್ನು ಹೇಳುತ್ತವೆ. ಟಿ.ಟಿ. ಇಂಜೆಕ್ಷನ್ ಧನುರ್ವಾಯುವಿಗೆ ಮಾತ್ರ, ರೇಬೀಸ್‌ಗೆ ಅಲ್ಲ. ಅರ್ಧಕ್ಕೆ ಬಿಟ್ಟ ಲಸಿಕೆಯನ್ನು ನಂಬುವಂತಿಲ್ಲ.

ರೋಗದ ನಡೆ ಹೀಗಿದೆ. ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿರುವ ವೈರಾಣು ಗಾಯದ ಮೂಲಕ ಒಳಹೊಕ್ಕು ನರಗಳನ್ನು ಹಿಡಿದು ಮೆದುಳಿನತ್ತ ನಿಧಾನವಾಗಿ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದು ವಾರ, ಕೆಲವರಲ್ಲಿ ಒಂದು ವರ್ಷ. ಮುಖ, ಕುತ್ತಿಗೆ, ಕೈಬೆರಳುಗಳ ಗಾಯ ಹೆಚ್ಚು ಅಪಾಯಕರ. ಬೆಕ್ಕನ್ನು ಮುದ್ದಿಸಲು ಮುಖದ ಬಳಿ ಎತ್ತಿಕೊಳ್ಳುವ ಮಕ್ಕಳಿಗೆ ಗಾಯವಾಗುವುದು ಅಲ್ಲಿಯೇ. ವೈರಾಣು ಮೆದುಳನ್ನು ಸೇರಿ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಅದಕ್ಕೆ ಮುನ್ನ ಸರಿಯಾದ ಚಿಕಿತ್ಸೆ ದೊರೆತರೆ ರೋಗವನ್ನು ಸಂಪೂರ್ಣವಾಗಿ ತಡೆಯಬಹುದು. ಇಷ್ಟು ಮಾರಕವೂ ಇಷ್ಟು ಸುಲಭವಾಗಿ ತಡೆಯಬಹುದಾದುದೂ ಆದ ರೋಗ ಮತ್ತೊಂದು ಸಿಗುವುದು ಕಷ್ಟ. ಹಾಗಿದ್ದರೂ ಪ್ರಪಂಚದ ರೇಬೀಸ್ ಸಾವುಗಳಲ್ಲಿ ಶೇ. 36ರಷ್ಟು ಭಾರತದಲ್ಲಿಯೇ ಸಂಭವಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಬೆಕ್ಕಿನಲ್ಲಿ ರೇಬೀಸ್‌ನ ಲಕ್ಷಣಗಳೆಂದರೆ: ಕೆಣಕದೆಯೂ ಎರಗುವುದು, ಕೂಗಿನ ದನಿ ಬದಲಾಗುವುದು, ಜೊಲ್ಲು ಸುರಿಸುವುದು, ನುಂಗಲಾಗದಿರುವುದು, ತೂರಾಡುವುದು, ಕೆಳದವಡೆ ಜೋತುಬೀಳುವುದು, ಕೊನೆಗೆ ಲಕವಾ ಹೊಡೆದಂತೆ ಬಿದ್ದುಬಿಡುವುದು. ಕೆಲವು ಬೆಕ್ಕುಗಳು ಎರಗುವುದೇ ಇಲ್ಲ, ಕತ್ತಲ ಮೂಲೆಯಲ್ಲಿ ಮುದುರಿಕೊಳ್ಳುತ್ತವೆ. ನೀರು ಕುಡಿಯಿತು, ಆದ್ದರಿಂದ ರೇಬೀಸ್ ಅಲ್ಲ ಎಂಬ ತರ್ಕ ನಿಲ್ಲುವುದಿಲ್ಲ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ಪ್ರಾಣಿಗಳಲ್ಲಿ ಅದನ್ನು ಪರೀಕ್ಷೆಯಾಗಿ ಬಳಸಲಾಗದು.

ಗಾಯಕ್ಕೆ ಹದಿನೈದು ನಿಮಿಷ

ಬೆಕ್ಕು ಕಚ್ಚಿದ, ಪರಚಿದ ತಕ್ಷಣ ಹರಿಯುವ ನೀರು ಮತ್ತು ಸಾಬೂನಿನಿಂದ ಗಾಯವನ್ನು ಪೂರ್ಣ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಲೇ ಇರಬೇಕು. ಸಾಬೂನು ಈ ವೈರಾಣುವಿನ ಹೊರಕವಚವನ್ನು ಕರಗಿಸಿ ಅದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತದೆ. ಹದಿನೈದು ನಿಮಿಷ ದೀರ್ಘವೆನಿಸಬಹುದು; ಗಡಿಯಾರ ನೋಡಿಕೊಂಡೇ ತೊಳೆಯಬೇಕು. ಬಳಿಕ ಪೋವಿಡೋನ್ ಅಯೋಡಿನ್ ಇದ್ದರೆ ಹಚ್ಚಬಹುದು. ಸುಣ್ಣ, ಖಾರದಪುಡಿ, ಕಾಫಿಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಪಟ್ಟಿ ಕಟ್ಟಬಾರದು.

ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಸಂಪರ್ಕವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಬೆಕ್ಕನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಮೊದಲನೆಯ ದರ್ಜೆ. ತೊಳೆದುಕೊಂಡರೆ ಸಾಕು, ಲಸಿಕೆ ಬೇಡ. ರಕ್ತ ಬಾರದ ಸಣ್ಣ ಪರಚುಗಾಯ, ತರಚುಗಾಯ ಎರಡನೆಯ ದರ್ಜೆ, ಲಸಿಕೆ ಬೇಕು. ಚರ್ಮ ಸೀಳಿದ ಕಡಿತ ಅಥವಾ ಪರಚು, ತೆರೆದ ಗಾಯಕ್ಕೆ ಇಲ್ಲವೇ ಬಾಯಿ ಕಣ್ಣುಗಳಿಗೆ ಜೊಲ್ಲು ತಾಗಿದ್ದು ಮೂರನೆಯ ದರ್ಜೆ. ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಚುಚ್ಚಬೇಕು. ಲಸಿಕೆ ಪಡೆದ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಕೆಲವು ದಿನಗಳು ಬೇಕು. ಆ ಅವಧಿಯಲ್ಲಿ ಕಾವಲು ಕಾಯುವುದು ಇದೇ. ಬೆಕ್ಕು ತನ್ನ ಪಂಜವನ್ನು ಸದಾ ನೆಕ್ಕಿಕೊಳ್ಳುವುದರಿಂದ ಉಗುರಿಗೂ ಜೊಲ್ಲು ಅಂಟಿರುತ್ತದೆ. ಆದ್ದರಿಂದ ಪರಚಿದ್ದು ಕಚ್ಚಿದ್ದಕ್ಕಿಂತ ಹಗುರವೆಂದು ಕಡೆಗಣಿಸಬಾರದು.

ಹಿರಿಯರಲ್ಲಿ ಇಂದಿಗೂ ಹೊಕ್ಕುಳ ಸುತ್ತಲಿನ ಹದಿನಾಲ್ಕು ಇಂಜೆಕ್ಷನ್ನುಗಳ ಭಯ ಉಳಿದಿದೆ. ಅದು ಪ್ರಾಣಿಗಳ ನರಾಂಗಾಂಶದಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ಭಾರತ ಅದನ್ನು 2005ಕ್ಕೆ ಮೊದಲೇ ಕೈಬಿಟ್ಟಿದೆ. ಬಿಸಿಹಾಲಿಗೆ ಹೆದರಿದ ಬೆಕ್ಕಿನಂತೆ ನಾವು ಇಲ್ಲದ ಇಂಜೆಕ್ಷನ್ನಿಗೆ ಹೆದರಿ ಓಡಬಾರದು. ಈಗಿನ ಲಸಿಕೆಯನ್ನು ತೋಳಿನಲ್ಲಿ ಕೊಡುತ್ತಾರೆ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7 ಮತ್ತು 28ನೆಯ ದಿನಗಳಂದು ಎರಡೂ ತೋಳುಗಳಿಗೆ ಒಂದೊಂದು; ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14 ಮತ್ತು 28ನೆಯ ದಿನಗಳಂದು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದನ್ನು ಕೊಡಬಹುದು. ಕಚ್ಚಿ ಕೆಲವು ದಿನಗಳಾಗಿದ್ದರೂ ತಡವಾಯಿತೆಂದು ಕೈಚೆಲ್ಲದೆ ಹೋಗಬೇಕು.

ರೇಬೀಸ್ ಇಲ್ಲದ ಬೆಕ್ಕಿನ ಕಡಿತವೂ ನಿರಪಾಯವಲ್ಲ. ಸೂಜಿಯಂತಹ ಅದರ ಹಲ್ಲು ಬ್ಯಾಕ್ಟೀರಿಯಾಗಳನ್ನು ಆಳಕ್ಕೆ ಇಳಿಸುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಒಂದು ದಿನದೊಳಗೆ ಕೈ ಊದಿಕೊಂಡು ಕೆಂಪಾಗಬಹುದು. ಅದಕ್ಕೂ ವೈದ್ಯರ ಔಷಧ ಬೇಕಾಗುತ್ತದೆ.

ಹತ್ತು ದಿನಗಳ ಕಾವಲು

ಗೋಣಿಚೀಲದ ಉಪಾಯ ಏಕೆ ಅಪಾಯಕರವೆಂದು ಈಗ ತಿಳಿಸುತ್ತೇವೆ. ನಾಯಿ ಮತ್ತು ಬೆಕ್ಕುಗಳಲ್ಲಿ ವೈರಾಣು ಜೊಲ್ಲಿಗೆ ಬರುವುದು ರೋಗಲಕ್ಷಣ ಕಾಣುವ ಕೆಲವೇ ದಿನಗಳ ಮುಂಚೆ. ಲಕ್ಷಣ ಕಂಡ ಮೇಲೆ ಪ್ರಾಣಿ ಬೇಗನೆ ಸಾಯುತ್ತದೆ. ಆದ್ದರಿಂದ ಕಚ್ಚಿದ ಬೆಕ್ಕು ಹತ್ತು ದಿನಗಳ ಬಳಿಕವೂ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು. ಆಗ ಮುಂದಿನ ಇಂಜೆಕ್ಷನ್‌ಗಳ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು. ಲಸಿಕೆಯೂ ಕಾವಲೂ ಒಂದೇ ದಿನ ಆರಂಭವಾಗಬೇಕು.

ಬೆಕ್ಕನ್ನು ಬೇರೆ ಊರಿಗೆ ಬಿಟ್ಟು ಬಂದರೆ ಈ ತಿಳಿವಳಿಕೆಯ ಬಾಗಿಲೇ ಮುಚ್ಚಿಹೋಗುತ್ತದೆ. ಅದು ರೋಗಗ್ರಸ್ತವಾಗಿದ್ದರೆ ಅಪಾಯವನ್ನು ನಾವೇ ಹೊತ್ತೊಯ್ದು ಮತ್ತೊಬ್ಬರ ಮಕ್ಕಳ ನಡುವೆ ಇಳಿಸಿದಂತಾಗುತ್ತದೆ. ಬೆಕ್ಕನ್ನು ಕೊಂದರೆ ಮಹಾಪಾಪವೆಂದು ನಂಬುವ ಜನ ಬಿಟ್ಟುಬರುವುದರಲ್ಲಿ ಪಾಪವಿಲ್ಲವೆಂದು ಭಾವಿಸುತ್ತಾರೆ. ಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಒಡ್ಡಿ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಹತ್ತು ದಿನಗಳಲ್ಲಿ ಬೆಕ್ಕು ಸತ್ತರೆ ಬರಿಗೈಯಿಂದ ಮುಟ್ಟದೆ, ಹೂಳುವ ಮುನ್ನ ಪಶುವೈದ್ಯರಿಗೆ ತಿಳಿಸಬೇಕು. ಮನುಷ್ಯರ ಚಿಕಿತ್ಸೆಯನ್ನು ಪೂರ್ಣಗೊಳಿಸಲೇಬೇಕು. ಸತ್ತ ಪ್ರಾಣಿಯ ಮೆದುಳಿನ ಪರೀಕ್ಷೆಯಿಂದ ರೋಗವನ್ನು ದೃಢಪಡಿಸಬಹುದು. ಕೊಡಿಕೊಂಡದಿಂದ 44ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಸಿಗುವ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ. ಇವೆಲ್ಲಕ್ಕಿಂತ ಸುಲಭದ ದಾರಿಯೆಂದರೆ ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮುಂದುವರಿಸುವುದು.

ಗಡಿಯ ಮನೆಗಳಿಗೆ ಎರಡು ಮಾತು

ಶಾಲೆಯಲ್ಲಿ ಮಕ್ಕಳೊಡನೆ ದಿನ ಕಳೆಯುವ ನಮಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಬೆಕ್ಕು ಪರಚಿದ್ದನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ತಮಗೆ ಬೈಗುಳ, ಬೆಕ್ಕಿಗೆ ಗೋಣಿಚೀಲ ಎಂದು ಅವರಿಗೆ ಗೊತ್ತು. ಮೆಚ್ಚಿನ ಬೆಕ್ಕನ್ನು ಉಳಿಸಿಕೊಳ್ಳಲು ತೋಳಿನ ಗೀರನ್ನು ಅಂಗಿಯ ತೋಳಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಪ್ರತಿಯೊಂದು ಮನೆಯೂ ಮಕ್ಕಳಿಗೆ ಒಂದು ವಚನ ಕೊಡಬೇಕು: ಗಾಯವನ್ನು ತೋರಿಸಿದರೆ ನಿನ್ನನ್ನು ಬೈಯುವುದಿಲ್ಲ, ಬೆಕ್ಕನ್ನು ಓಡಿಸುವುದಿಲ್ಲ. ಈ ಒಂದು ಮಾತು ಜೀವ ಉಳಿಸಬಲ್ಲದು. ಲೂಯಿ ಪಾಶ್ಚರ್ 1885ರ ಜುಲೈ 6ರಂದು ತನ್ನ ರೇಬೀಸ್ ಲಸಿಕೆಯನ್ನು ಮೊದಲು ಕೊಟ್ಟದ್ದೂ ಒಂಬತ್ತು ವರ್ಷದ ಬಾಲಕನಿಗೇ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ಅಂದು ನಮ್ಮ ಕನ್ನಡ ಶಾಲೆಗಳ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಾಗಲಿ.

ಎರಡನೆಯದು ಭಾಷೆಯ ಮಾತು. ನಮ್ಮಲ್ಲಿ ಬಹುಮಂದಿ ಎರಡೂ ಭಾಷೆಗಳನ್ನು ಆಡುತ್ತೇವೆ. ಆದರೆ ಮನೆಯಲ್ಲಿ ಕನ್ನಡವೊಂದೇ ಬಲ್ಲ ಅಜ್ಜಿಯರಿದ್ದಾರೆ, ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಆಸ್ಪತ್ರೆಯಲ್ಲಿ ಗಾಬರಿಯಿಂದ ಮಾತು ತಪ್ಪಬಾರದು. ಕಚ್ಚಿದ್ದರೆ ‘ಪಿಲ್ಲಿ ಕರಿಚಿಂದಿ’, ಪರಚಿದ್ದರೆ ‘ಪಿಲ್ಲಿ ರಕ್ಕಿಂದಿ’ ಎಂದರೆ ಸಾಕು. ಯಾವಾಗ ಆಯಿತು, ಎಷ್ಟು ಹೊತ್ತು ತೊಳೆದೆವು, ರಕ್ತ ಬಂದಿತೇ, ಬೆಕ್ಕು ಮನೆಯಲ್ಲಿಯೇ ಇದೆಯೇ ಎಂಬ ನಾಲ್ಕು ಸಂಗತಿಗಳನ್ನೂ ತಿಳಿಸಬೇಕು. ಇಂಜೆಕ್ಷನ್ ಚೀಟಿಯ ದಿನಾಂಕಗಳು ಅಂಕಿಗಳಲ್ಲಿರುತ್ತವೆ. ಅವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ನಡುವೆ ಬಾಗೇಪಲ್ಲಿಗೋ ಗೌರಿಬಿದನೂರಿಗೋ ನೆಂಟರ ಮನೆಗೆ ಹೋಗಬೇಕಾಗಿ ಬಂದರೆ ಚೀಟಿಯನ್ನು ಜೊತೆಯಲ್ಲಿ ಒಯ್ದು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಗಡಿ ದಾಟಿದೆವೆಂದು ಇಂಜೆಕ್ಷನ್ ತಪ್ಪಬಾರದು.

ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪಾಠ ಮಾತೃಭಾಷೆಯಲ್ಲಿ ಬೇಕೆಂದ ಮೇಲೆ ಪ್ರಾಣ ಉಳಿಸುವ ಸೂಚನೆಯೂ ಮಾತೃಭಾಷೆಯಲ್ಲಿ ಬೇಕು. ಕನ್ನಡಿಗರು ಹೆಚ್ಚಾಗಿರುವ ಮಂಡಲಗಳ ಆರೋಗ್ಯ ಕೇಂದ್ರಗಳಲ್ಲಿ ತೆಲುಗು ಫಲಕದ ಪಕ್ಕದಲ್ಲಿ ಒಂದು ಕನ್ನಡ ಫಲಕವೂ ಇರಲಿ, ಅದರಲ್ಲಿ ನಾಯಿಯ ಚಿತ್ರದ ಜೊತೆಗೆ ಬೆಕ್ಕಿನ ಚಿತ್ರವೂ ಇರಲಿ ಎಂಬುದು ನಮ್ಮ ಬೇಡಿಕೆ. ಅದು ಬರುವವರೆಗೆ ಈ ನಾಲ್ಕು ಸಾಲುಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಪ್ರತಿ ಕನ್ನಡ ಶಾಲೆಯ ಗೋಡೆಗೆ ಅಂಟಿಸೋಣ:

ಕೆರಳಿದ ಬೆಕ್ಕನ್ನು ಮುಟ್ಟಬೇಡಿ, ಹೊಡೆಯಬೇಡಿ.
ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆಯಿರಿ.
ಅಂದೇ ಆಸ್ಪತ್ರೆಗೆ ಹೋಗಿ, ಎಲ್ಲ ಸುತ್ತಿನ ಲಸಿಕೆ ಪೂರೈಸಿ.
ಬೆಕ್ಕನ್ನು ಬಿಟ್ಟುಬರಬೇಡಿ, ಹತ್ತು ದಿನ ಗಮನಿಸಿ.